ಶೇ. 90ರ ಸಾವು!

ಸಂಖ್ಯಾಶಾಸ್ತ್ರ ಪಾಠ ಮಾಡುವ ನನಗೆ 1863ರ ಲಂಡನ್ ಜಗಳವೆಂದರೆ ಬಲು ಇಷ್ಟ. ಆ ವರ್ಷ ಫ್ಲಾರೆನ್ಸ್ ನೈಟಿಂಗೇಲ್ ಆಸ್ಪತ್ರೆಗಳ ಕುರಿತ ತಮ್ಮ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಹಾಕಿಕೊಟ್ಟ ಪಟ್ಟಿಯೊಂದನ್ನು ಅಚ್ಚು ಹಾಕಿಸಿದರು. ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವು ಶೇ. 90.84! ವೈದ್ಯರು ಕೆರಳದೆ ಇರುತ್ತಾರೆಯೇ? ಫಾರ್ ವರ್ಷವಿಡೀ ಸತ್ತವರನ್ನು ಒಂದೇ ದಿನ ಆಸ್ಪತ್ರೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ಒಂದು ಹಾಸಿಗೆಯಲ್ಲಿ ವರ್ಷಕ್ಕೆ ಎಷ್ಟು ಜನ ಮಲಗಿ ಎದ್ದು ಹೋಗುತ್ತಾರೆ! ಅವರೆಲ್ಲ ಲೆಕ್ಕದಿಂದ ಮಾಯ. ಹಳ್ಳಿಯ ಆಸ್ಪತ್ರೆಗೂ ನಗರದ್ದಕ್ಕೂ ಬರುವ ರೋಗಿಗಳು ಒಂದೇ ಬಗೆಯವರಲ್ಲ ಎಂಬ ತಕರಾರೂ ಎದ್ದಿತು, ಅದು ನ್ಯಾಯವಾದದ್ದೇ.

ಆ ತಕರಾರಿಗೆ ತಕ್ಕ ಉತ್ತರ ಬಹುಕಾಲದ ನಂತರ, ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಸಾವುಗಳ ಬಗ್ಗೆ ನಡೆದ ವಿಚಾರಣೆಯಲ್ಲಿ ಸಿಕ್ಕಿತು. ಆ ಸಾವುಗಳನ್ನು ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ ಮತ್ತಿತರರು ಬೇರೆ ಆಸ್ಪತ್ರೆಗಳ ಜೊತೆ ಹೋಲಿಸುವಾಗ ಮಗುವಿನ ವಯಸ್ಸು, ಶಸ್ತ್ರಚಿಕಿತ್ಸೆಯ ಬಗೆ ಎರಡನ್ನೂ ಲೆಕ್ಕಕ್ಕೆ ಹಿಡಿದರು. ಹಾಗೆ ಹಿಡಿದ ಮೇಲೂ ಬ್ರಿಸ್ಟಲಿನಲ್ಲಿ ಸಾವು ಹೆಚ್ಚೇ ಇತ್ತು. ವಿಚಾರಣೆಯ ವರದಿ 2001ರಲ್ಲಿ ಹೊರಬಂತು.