ಪ್ರಾಸ್ಟೇಟ್ ಕ್ಯಾನ್ಸರಿನ ಹರಡುವಿಕೆ ಮತ್ತು ಸತು: 2003ರ ಸಾಕ್ಷ್ಯದ ಮರುಪರಿಶೀಲನೆ

ಪ್ರಾಸ್ಟೇಟ್ ಕ್ಯಾನ್ಸರಿನ ಹರಡುವಿಕೆಯಲ್ಲಿ ಸತುವಿನ ಪಾತ್ರವೇನು ಎಂಬ ಬಗ್ಗೆ ಎರಡು ವಾದಗಳಿವೆ. ಸತು ರೋಗವನ್ನು ತಡೆಯುತ್ತದೆ ಎಂಬುದು ಒಂದು, ಹೆಚ್ಚಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಗ್ರಂಥಿಯೊಳಗಿನ ಸತುವನ್ನು ಅಳೆದು ಹುಟ್ಟಿದ್ದು. ಎರಡನೆಯದು ನುಂಗಿದ ಮಾತ್ರೆಗಳನ್ನು ಲೆಕ್ಕಹಾಕಿ ಹುಟ್ಟಿದ್ದು. ಈ ವ್ಯತ್ಯಾಸವನ್ನು ಮರೆತದ್ದೇ ಗೊಂದಲದ ಮೂಲ.

ಕ್ಯಾನ್ಸರ್ ತಗುಲಿದ ಪ್ರಾಸ್ಟೇಟಿನಲ್ಲಿ ಸತು ಕುಸಿದಿರುತ್ತದೆ ಎಂದು ಮಾಸನ್ ಮತ್ತು ಫಿಷರ್ 1952ರಲ್ಲೇ ತೋರಿಸಿದ್ದರು. ಅದರ ಅರ್ಥವನ್ನು ಬಿಡಿಸಿದವರು ಬಾಲ್ಟಿಮೋರಿನ ಕಾಸ್ಟೆಲ್ಲೊ ಮತ್ತು ಫ್ರಾಂಕ್ಲಿನ್. ಆರೋಗ್ಯವಂತ ಕೋಶದಲ್ಲಿ ಸತು ಮೈಟೊಕಾಂಡ್ರಿಯದ ಅಕೊನಿಟೇಸ್ ಕಿಣ್ವವನ್ನು ತಡೆಯುತ್ತದೆ, ಹಾಗಾಗಿ ಸಿಟ್ರೇಟ್ ಶೇಖರವಾಗುತ್ತದೆ. ರೋಗಗ್ರಸ್ತ ಕೋಶದಲ್ಲಿ ಸತುವನ್ನು ಒಳಗೆಳೆಯುವ ಜಿಪ್-1 ಪ್ರೋಟೀನು ಕುಗ್ಗುತ್ತದೆ. ತಡೆ ಕಳಚಿ ಸಿಟ್ರೇಟ್ ಉರಿದು ಶಕ್ತಿಯಾಗುತ್ತದೆ. ಹರಡುವಿಕೆಗೂ ಸತುವಿನ ಈ ಕುಸಿತಕ್ಕೂ ನೇರ ನಂಟಿದೆ. ಅಂಗಾಂಶದೊಳಗೆ ನುಗ್ಗಲು ಕ್ಯಾನ್ಸರ್ ಕೋಶಗಳು ಬಳಸುವ ಅಮೈನೊಪೆಪ್ಟಿಡೇಸ್ ಎನ್ ಕಿಣ್ವವನ್ನು ಸತು ಅಡಗಿಸುತ್ತದೆ ಎಂದು ಇಶಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು.

ಈ ಚಿತ್ರಕ್ಕೆ ಎದುರು ನಿಲ್ಲಿಸಲಾಗುವುದು ಲೈಟ್ಸ್‌ಮನ್ ಮತ್ತಿತರರ 2003ರ ಅಧ್ಯಯನವನ್ನು. ಅಮೆರಿಕದ 46,974 ಪುರುಷರನ್ನು 14 ವರ್ಷ ಗಮನಿಸಿದ ಈ ಅಧ್ಯಯನದಲ್ಲಿ ದಿನಕ್ಕೆ 100 ಮಿಲಿಗ್ರಾಂಗಿಂತ ಹೆಚ್ಚು ಸತುವಿನ ಪೂರಕ ಸೇವಿಸಿದವರಿಗೆ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ 2.29 ಪಟ್ಟು ಕಂಡಿತು. 100 ಮಿಲಿಗ್ರಾಂವರೆಗೆ ಸೇವಿಸಿದವರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ‘ಸತು ಕ್ಯಾನ್ಸರನ್ನು ಹರಡಿಸುತ್ತದೆ’ ಎಂಬ ತೀರ್ಮಾನಕ್ಕೆ ಈ ಅಂಕಿ ಆಧಾರವಾಗಲಾರದು. ಮೊದಲನೆಯದಾಗಿ, ಅದರ ವಿಶ್ವಾಸ ವ್ಯಾಪ್ತಿ 1.06ರಿಂದ 4.95ರವರೆಗೆ ಚಾಚಿದೆ, ಕೆಳ ಅಂಚು ‘ಅಪಾಯವೇ ಇಲ್ಲ’ ಎಂಬ ಗೆರೆಗೆ ತಾಗಿಕೊಂಡಂತಿದೆ. ಎರಡನೆಯದಾಗಿ, ವಯಸ್ಕ ಪುರುಷನಿಗೆ ಅಮೆರಿಕದಲ್ಲಿ ಸೂಚಿಸಿರುವ ಪ್ರಮಾಣ ದಿನಕ್ಕೆ 11 ಮಿಲಿಗ್ರಾಂ, ಗರಿಷ್ಠ ಮಿತಿ 40. ಆ ಮಿತಿಯ ಎರಡೂವರೆ ಪಟ್ಟು ನುಂಗುವವರು ಸಾಮಾನ್ಯವಾಗಿ ಪೂರಕ ಸೇವಿಸುವವರ ಪ್ರತಿನಿಧಿಗಳಲ್ಲ. ಮೂತ್ರದ ತೊಂದರೆ ಆಗಲೇ ಕಾಣಿಸಿಕೊಂಡು ಪ್ರಾಸ್ಟೇಟಿಗೆ ಒಳ್ಳೆಯದೆಂದು ಸತು ಹಿಡಿದವರೂ ಅವರಲ್ಲಿರಬಹುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅವರ ಗ್ರಂಥಿಯಲ್ಲಿ ಸತು ಎಷ್ಟಿತ್ತೆಂದು ಅಲ್ಲಿ ಅಳೆದಿಲ್ಲ. ಪೂರಕ ಕ್ಯಾಲ್ಸಿಯಂ ಅಥವಾ ಅಳೆಯದ ಬೇರೊಂದು ಅಂಶದ ಪ್ರಭಾವವನ್ನು ಅಲ್ಲಗಳೆಯಲಾಗದು ಎಂದು ಲೇಖಕರೇ ಸಾರಾಂಶದಲ್ಲಿ ಒಪ್ಪಿದ್ದಾರೆ. 2.29 ಎಂಬ ಅಂಕಿಯನ್ನು ಉದ್ಧರಿಸುವವರು ಈ ಮಾತನ್ನೂ ಉದ್ಧರಿಸಬೇಕು. ಅದನ್ನು ಬಿಟ್ಟು ಬರೆದದ್ದು ವಿದ್ವತ್ತಿನ ಲೋಪ.

ಕಾಸ್ಟೆಲ್ಲೊ ಪಂಥದ ಅನುಯಾಯಿಗಳ ಅವಸರಕ್ಕೂ ಸಮರ್ಥನೆಯಿಲ್ಲ. ಸತು ಕೋಶದ ದಾಳಿಯನ್ನು ತಡೆಯುತ್ತದೆ, ಆದ್ದರಿಂದ ಮಾತ್ರೆಯೂ ತಡೆಯುತ್ತದೆ ಎನ್ನುವುದು ಅವರ ಸಿದ್ಧಾಂತಕ್ಕೇ ವಿರುದ್ಧ: ಜಿಪ್-1 ಕುಗ್ಗಿದ ಕೋಶದ ಹೊರಗೆ ಸತು ಹೆಚ್ಚಿದರೂ ಒಳಗೆ ಹೆಚ್ಚುವ ಭರವಸೆಯಿಲ್ಲ. ಸ್ವೀಡನ್ನಿನ 525 ರೋಗಿಗಳ 2011ರ ಅಧ್ಯಯನದಲ್ಲಿ ಹೆಚ್ಚು ಸತು ಪಡೆದವರಲ್ಲಿ ಈ ರೋಗದ ಸಾವು ಕಡಿಮೆಯಿತ್ತು, ನಿಜ. ಆದರೆ ಅದು ಆಹಾರದ ಸತು, ಮಾತ್ರೆಯದಲ್ಲ.

ಆದ್ದರಿಂದ ಎರಡು ನಿರ್ಣಯಗಳನ್ನು ಬೇರೆಬೇರೆಯಾಗಿಯೇ ಹೇಳಬೇಕು. ಗ್ರಂಥಿಯ ಕೋಶಗಳು ಸತುವನ್ನು ಕಳೆದುಕೊಳ್ಳುವುದು ಪ್ರಾಸ್ಟೇಟ್ ಕ್ಯಾನ್ಸರಿನ ದೃಢಪಟ್ಟ ಲಕ್ಷಣ. ಮಿತಿಮೀರಿದ ಪೂರಕ ಸೇವನೆ ಅಪಾಯಕ್ಕೆ ಕಾರಣವೆಂಬುದು ಇನ್ನೂ ಶಂಕೆಯ ಹಂತದಲ್ಲಿದೆ. ಮೊದಲನೆಯದನ್ನು ಎರಡನೆಯದು ಅಲ್ಲಗಳೆಯುವುದಿಲ್ಲ, ಎರಡನೆಯದಕ್ಕೆ ಮೊದಲನೆಯದು ಉತ್ತರವೂ ಅಲ್ಲ.