ಹಳೆಯ ಕಣ್ಣು, ಹೊಸ ಪೆಟ್ಟಿಗೆ

ನನ್ನ ಅಣ್ಣನವರು ಮಲೆನಾಡಿನ ಊರೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದರು. 1979ರಲ್ಲಿ ಅವರು ರಷ್ಯದಲ್ಲಿ ತಯಾರಾದ ಝೆನಿತ್ ಕ್ಯಾಮೆರಾ ಒಂದನ್ನು ಯಾರಿಂದಲೋ ಕೊಂಡು ತಂದರು. ಸುಮಾರು ಒಂದು ಕಿಲೋ ತೂಗುವ ಆ ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಅವರು ನಮ್ಮ ಮನೆತನದ ಮದುವೆ, ಮುಂಜಿ, ನಾಮಕರಣಗಳನ್ನೆಲ್ಲ ಸುಮಾರು ಇಪ್ಪತ್ತೈದು ವರ್ಷ ಹಿಡಿದಿಟ್ಟರು. ನಾನು ಎಂ.ಎ. ಪದವಿ ಪಡೆದ ದಿನದ ಚಿತ್ರವೂ ಅದರಲ್ಲಿಯೇ ತೆಗೆದದ್ದು. ಅಣ್ಣನವರು ಕಾಲವಾದ ಮೇಲೆ ಅತ್ತಿಗೆ ಆ ಚರ್ಮದ ಚೀಲವನ್ನು ನನ್ನ ಮುಂದಿಟ್ಟು, ಇದನ್ನೇನು ಮಾಡೋಣವೆಂದು ಕೇಳಿದರು. ಪೇಟೆಯಲ್ಲಿ ವಿಚಾರಿಸಿದೆ. ಒಳಗಿನ ಬಟ್ಟೆಯ ಪರದೆ ಹರಿದಿದೆ, ಬಿಡಿಭಾಗ ಸಿಕ್ಕುವುದಿಲ್ಲ, ತೂಕಕ್ಕೆ ಹಾಕಿಬಿಡಿ ಎಂಬ ಉತ್ತರ ಬಂತು. ಅದೇ ಮಾತನ್ನು ನಾನು ಅತ್ತಿಗೆಗೆ ಒಪ್ಪಿಸಿದೆ. ಜೊತೆಯಲ್ಲಿದ್ದ ಉದ್ದನೆಯ ಲೆನ್ಸೊಂದು ನನ್ನ ಮಾತಿನ ಮೇಲೆಯೇ ಗುಜರಿಯವನ ಚೀಲ ಸೇರಿತು. ಕ್ಯಾಮೆರಾಕ್ಕೆ ಅಂಟಿಕೊಂಡಿದ್ದ ಚಿಕ್ಕ ಲೆನ್ಸನ್ನು ಮಾತ್ರ ಕೊಡಲು ಅತ್ತಿಗೆಗೆ ಮನಸ್ಸಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಣ್ಣನ ಮೊಮ್ಮಗ, ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಊರಿಗೆ ಬಂದವನು ಆ ಲೆನ್ಸನ್ನು ಸಲೀಸಾಗಿ ತಿರುಗಿಸಿ ಬಿಚ್ಚಿದ. ಸಾವಿರ ರೂಪಾಯಿಯ ಆಸುಪಾಸಿನ ಒಂದು ಲೋಹದ ಬಳೆಯನ್ನು ಅದರ ಹಿಂಬದಿಗೆ ತಿರುಚಿದ. ತನ್ನ ಸೋನಿ ಡಿಜಿಟಲ್ ಕ್ಯಾಮೆರಾದ ಬಾಯಿಗೆ ಜೋಡಿಸಿದ. ಅಣ್ಣನವರ ಕಣ್ಣು ಮತ್ತೆ ತೆರೆಯಿತು. ನಾನು ಆ ಬಳೆಯನ್ನು ಬಿಚ್ಚಿಸಿ ಕೈಗೆ ತೆಗೆದುಕೊಂಡು ನೋಡಿದೆ. ಅದರೊಳಗೆ ಏನೂ ಇರಲಿಲ್ಲ. ಗಾಜಿಲ್ಲ, ಯಂತ್ರವಿಲ್ಲ, ತಂತಿಯಿಲ್ಲ. ಆಚೆಯಿಂದ ಈಚೆಗೆ ಬೆರಳು ತೂರುವ ಬರಿಯ ಟೊಳ್ಳು. ಅಡಾಪ್ಟರ್ ಎಂದು ಹೆಸರಾದ ಈ ಟೊಳ್ಳು ಬಳೆ ಮಾಡುವ ಕೆಲಸವಾದರೂ ಏನು, ಅದಕ್ಕೆ ಹಿಂದಿನ ಚರಿತ್ರೆ ಏನು ಎಂಬುದನ್ನು ಅಂದಿನಿಂದ ಓದಿ ಕೇಳಿ ತಿಳಿದುಕೊಂಡಷ್ಟನ್ನು ಇಂದು ಕೇಳುಗರ ಮುಂದೆ ಇಡಬಯಸುತ್ತೇನೆ.

ಬಾಲ್ಯದಲ್ಲಿ ಬಿಸಿಲಿಗೆ ಭೂತಗನ್ನಡಿ ಹಿಡಿದು ಕಾಗದ ಸುಟ್ಟವರಿಗೆ ಇದರ ಮರ್ಮ ಅರ್ಧ ತಿಳಿದೇ ಇದೆ. ಗಾಜನ್ನು ಕಾಗದಕ್ಕೆ ತೀರ ಹತ್ತಿರ ಹಿಡಿದರೂ ಸೂರ್ಯನ ಚುಕ್ಕೆ ಹರಡಿಹೋಗುತ್ತದೆ. ದೂರ ಹಿಡಿದರೂ ಅಷ್ಟೆ. ನಡುವೆ ಎಲ್ಲಿಯೋ ಒಂದು ಜಾಗದಲ್ಲಿ ಮಾತ್ರ ಅದು ಬಿಂದುವಾಗಿ ಉರಿಯುತ್ತದೆ. ಕ್ಯಾಮೆರಾದ ಲೆನ್ಸೂ ಹೀಗೆಯೇ. ದೂರದ ಬೆಟ್ಟ ಸ್ಫುಟವಾಗಿ ಮೂಡಬೇಕಾದರೆ ಲೆನ್ಸಿಗೂ ಹಿಂದಿನ ಫಿಲ್ಮಿಗೂ ನಡುವೆ ನಿಶ್ಚಿತವಾದ ಅಂತರವಿರಬೇಕು. ಆದ್ದರಿಂದ ಪ್ರತಿಯೊಂದು ಕ್ಯಾಮೆರಾ ತಯಾರಕನೂ ಲೆನ್ಸು ಕೂರುವ ಲೋಹದ ಬಾಯಿಯಿಂದ ಫಿಲ್ಮಿನವರೆಗಿನ ಆಳವನ್ನು ಮಿಲಿಮೀಟರಿನ ನೂರನೆಯ ಪಾಲಿನಷ್ಟು ಸೂಕ್ಷ್ಮವಾಗಿ ನಿಗದಿಮಾಡುತ್ತಾನೆ. ಬಾಯಿಯ ಆಕಾರ ಹೊಂದಿದರೆ ಸಾಲದು, ಆಳವೂ ಹೊಂದಬೇಕು.

ಈ ಆಳಕ್ಕೆ ಒಂದು ಚರಿತ್ರೆ ಇದೆ. ಜರ್ಮನಿಯ ವೆಟ್ಸ್‌ಲಾರ್ ಎಂಬ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಾರ್ಖಾನೆಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ಕುಶಲಿಯಿದ್ದ. ಸಿನಿಮಾ ಫಿಲ್ಮಿನ ಸುರುಳಿಯನ್ನು ಬಳಸುವ, ಕೋಟಿನ ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮೆರಾ ಅವನ ಕೈಯಲ್ಲಿ ರೂಪುಗೊಂಡಿತು. ಅದೇ 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಪ್ರದರ್ಶಿತವಾದ ಲೈಕಾ. ಮೊದಲ ಲೈಕಾದ ಲೆನ್ಸು ಬಿಚ್ಚುವಂಥದಾಗಿರಲಿಲ್ಲ. 1930ರಲ್ಲಿ 39 ಮಿಲಿಮೀಟರ್ ಅಗಲದ ತಿರುಪಿನ ಬಾಯಿ ಬಂತು. ಲೆನ್ಸು ಬದಲಾಯಿಸುವುದು ಸಾಧ್ಯವಾಯಿತು. ಆದರೆ ಒಂದು ತೊಡಕಿತ್ತು. ಒಂದೊಂದು ಕ್ಯಾಮೆರಾದ ಆಳವೂ ಕೂದಲೆಳೆಯಷ್ಟು ಬೇರೆಯಾಗಿದ್ದುದರಿಂದ, ಒಂದೊಂದು ಲೆನ್ಸನ್ನೂ ಅದರದೇ ಕ್ಯಾಮೆರಾಕ್ಕೆಂದು ಕಾರ್ಖಾನೆಯಲ್ಲಿಯೇ ಹೊಂದಿಸಬೇಕಾಗುತ್ತಿತ್ತು. ಆ ಕ್ಯಾಮೆರಾದ ಕ್ರಮಸಂಖ್ಯೆಯ ಕೊನೆಯ ಅಂಕೆಗಳನ್ನು ಲೆನ್ಸಿನ ಮೇಲೆ ಕೆತ್ತುತ್ತಿದ್ದರು. ಹೆಸರಿಗೆ ಸ್ವತಂತ್ರವಾದ ಲೆನ್ಸು, ವಾಸ್ತವವಾಗಿ ಒಂದೇ ಯಜಮಾನನ ಸೇವಕ.

1931ರಲ್ಲಿ ಈ ಕಟ್ಟು ಬಿಚ್ಚಿತು. ಇನ್ನು ಮುಂದೆ ಎಲ್ಲ ಲೈಕಾಗಳ ಆಳವೂ 28.8 ಮಿಲಿಮೀಟರ್ ಎಂದು ಕಾರ್ಖಾನೆ ನಿಶ್ಚಯಿಸಿತು. ಹಾಗೆ ಅಳತೆಗೆ ಒಳಪಟ್ಟ ಕ್ಯಾಮೆರಾದ ಬಾಯಿಯ ಮೇಲೆ ಒಂದು ಸೊನ್ನೆಯನ್ನು ಕೆತ್ತಿದರು. ಆ ಸೊನ್ನೆ ಇದ್ದ ಕ್ಯಾಮೆರಾಕ್ಕೆ ಹೊಸ ಅಳತೆಯ ಯಾವ ಲೆನ್ಸನ್ನಾದರೂ ಹಾಕಬಹುದಾಗಿತ್ತು. ಛಾಯಾಗ್ರಹಣದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆಗಳು ಎಷ್ಟೋ ಇವೆ; ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಈ ಸೊನ್ನೆ. ಒಂದು ಸಂಖ್ಯೆಯನ್ನು ಅಳಿಸಿ ಸೊನ್ನೆಯನ್ನಿಟ್ಟದ್ದರಿಂದ ಲೆನ್ಸಿಗೆ ಸ್ವಾತಂತ್ರ್ಯ ದೊರೆಯಿತು.

ಈ ಅಳತೆ ಬೇಗನೆ ದೇಶಗಳ ಗಡಿ ದಾಟಿತು. ಖಾರ್ಕಿವ್ ನಗರದಲ್ಲಿ ಅನಾಥ ಬಾಲಕರಿಗಾಗಿ ತೆರೆದಿದ್ದ, ಶಿಕ್ಷಣತಜ್ಞ ಹಾಗೂ ಲೇಖಕ ಮಕರೆಂಕೊ ನಡೆಸುತ್ತಿದ್ದ ಕಮ್ಯೂನಿನ ಹುಡುಗರು 1934ರಿಂದ ಲೈಕಾದ ನಕಲನ್ನು ತಯಾರಿಸತೊಡಗಿದರು. ಆ ಕಮ್ಯೂನು ಯಾರ ಹೆಸರಿನಲ್ಲಿತ್ತೋ ಆ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿಯ ಮೊದಲಕ್ಷರಗಳೇ ಕ್ಯಾಮೆರಾದ ಹೆಸರಾದವು: ಫೆಡ್. ಎರಡನೆಯ ಮಹಾಯುದ್ಧದ ತರುವಾಯ ಜಪಾನು, ಇಂಗ್ಲೆಂಡುಗಳಲ್ಲಿಯೂ ಇದೇ ತಿರುಪಿನ ಕ್ಯಾಮೆರಾಗಳು ಹುಟ್ಟಿದವು. 1954ರಲ್ಲಿ ಲೈಟ್ಸ್ ಸಂಸ್ಥೆ ತಿರುಪನ್ನು ಬಿಟ್ಟು ಹೊಸ ಬಗೆಯ ಬಾಯಿಯ ಎಂ3 ಕ್ಯಾಮೆರಾವನ್ನು ತಂದಾಗ ಅದರ ಆಳವನ್ನು 27.8 ಮಿಲಿಮೀಟರ್ ಎಂದಿಟ್ಟಿತು. ಹಳೆಯದಕ್ಕಿಂತ ಸರಿಯಾಗಿ ಒಂದು ಮಿಲಿಮೀಟರ್ ಕಡಿಮೆ. ಒಂದು ಮಿಲಿಮೀಟರ್ ದಪ್ಪದ ಬಳೆ ತೊಡಿಸಿದರೆ ಹಳೆಯ ಗಿರಾಕಿಯ ಹಳೆಯ ಲೆನ್ಸು ಹೊಸ ಕ್ಯಾಮೆರಾದ ಮೇಲೆ ಕೂರಲಿ ಎಂಬ ಮುಂದಾಲೋಚನೆ ಇದರಲ್ಲಿತ್ತು.

ಇನ್ನು ನಮ್ಮ ಮನೆಯ ಲೆನ್ಸಿನ ಕಡೆಗೆ ಬರುತ್ತೇನೆ. ಅದರ ಹೆಸರು ಹೀಲಿಯೋಸ್ 44-2. ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯ ವಿನ್ಯಾಸ. ಆದರೆ ಅದರ ವಂಶದ ಮೂಲ ಜರ್ಮನಿಯ ಯೇನಾ ನಗರ. ಅಲ್ಲಿನ ಕಾರ್ಲ್ ಝೈಸ್ ಸಂಸ್ಥೆಯಲ್ಲಿ ವಿಲ್ಲಿ ಮೆರ್ಟೆ ಎಂಬಾತ ರೂಪಿಸಿದ ಬಯೋಟಾರ್ ಎಂಬ ಲೆನ್ಸು 1936ರ ಹೊತ್ತಿಗೆ 58 ಮಿಲಿಮೀಟರ್ ಅಳತೆಯಲ್ಲಿ ಮಾರುಕಟ್ಟೆಗೆ ಬಂದಿತ್ತು. ಯುದ್ಧದ ಕೊನೆಯಲ್ಲಿ ಯೇನಾವನ್ನು ಮೊದಲು ಹಿಡಿದವರು ಅಮೆರಿಕನ್ನರು; 1945ರ ಜುಲೈನಲ್ಲಿ ಊರನ್ನು ರಷ್ಯನ್ನರಿಗೆ ಒಪ್ಪಿಸುವ ಮುನ್ನ ಝೈಸ್‌ನ ಆಯ್ದ ತಜ್ಞರನ್ನು ಪಶ್ಚಿಮಕ್ಕೆ ಕರೆದೊಯ್ದರು. ಉಳಿದ ಯಂತ್ರಗಳ ಬಹುಪಾಲು ಯುದ್ಧಪರಿಹಾರವಾಗಿ ರಷ್ಯಕ್ಕೆ ಹೋದವು. ಹೀಗೆ ಒಂದು ಝೈಸ್ ಎರಡಾಯಿತು. ಬಯೋಟಾರಿನ ರಚನೆಯನ್ನು ಅನುಸರಿಸಿ 1950ರ ದಶಕದಲ್ಲಿ ಕ್ರಾಸ್ನೊಗೋರ್ಸ್ಕ್‌ನಲ್ಲಿ ಹೀಲಿಯೋಸ್ ಸಿದ್ಧವಾಯಿತು. ಸೋತವರ ಗಾಜು ಗೆದ್ದವರ ಪೆಟ್ಟಿಗೆಯಲ್ಲಿ ಕೂತು, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಲೋಕಸಂಚಾರ ಹೊರಟಿತು. ಅದರಲ್ಲೊಂದು ನಮ್ಮ ಮಲೆನಾಡಿಗೂ ಬಂತು.

ಅದರ ಹಿಂಬದಿಯ 42 ಮಿಲಿಮೀಟರಿನ ತಿರುಪಾದರೋ ಡ್ರೆಸ್ಡೆನ್ ನಗರದ್ದು. 1949ರಲ್ಲಿ ಅಲ್ಲಿಯ ಕಾಂಟ್ಯಾಕ್ಸ್ ಎಸ್ ಮತ್ತು ಪ್ರಾಕ್ಟಿಕಾ ಕ್ಯಾಮೆರಾಗಳು ಅದನ್ನು ತಂದವು. ಇವು ಲೈಕಾದಂತಲ್ಲ, ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ದೃಶ್ಯವನ್ನು ನೋಡುವವನ ಕಣ್ಣಿಗೆ ಒಯ್ಯುತ್ತದೆ, ಗುಂಡಿ ಒತ್ತಿದಾಗ ಮೇಲೆದ್ದು ದಾರಿ ಬಿಡುತ್ತದೆ. ಆ ಕನ್ನಡಿಗೆ ಸ್ಥಳ ಬೇಕಾದುದರಿಂದ ಆಳ 45.46 ಮಿಲಿಮೀಟರಿಗೆ ಏರಿತು. ಜಪಾನಿನ ಅಸಾಹಿ ಸಂಸ್ಥೆ 1957ರಲ್ಲಿ ಪೆಂಟಾಕ್ಸ್ ಕ್ಯಾಮೆರಾಕ್ಕೆ ಇದೇ ತಿರುಪನ್ನು ಸ್ವೀಕರಿಸಿತು. ಪೂರ್ವ ಜರ್ಮನಿ, ರಷ್ಯ, ಜಪಾನುಗಳ ಲೆನ್ಸುಗಳು ಒಂದರ ಬಾಯಿಗೆ ಒಂದು ಹೊಂದುತ್ತಿದ್ದ ಕಾಲವದು. ರಾಜಕೀಯದಲ್ಲಿ ಲೋಕ ಎರಡಾಗಿದ್ದಾಗಲೂ ಈ ತಿರುಪು ಒಂದಾಗಿಯೇ ಇತ್ತು.

ಮುಂದೆ ವ್ಯಾಪಾರದ ಗೋಡೆಗಳು ಎದ್ದವು. ನಿಕಾನ್ ಸಂಸ್ಥೆ 1959ರಲ್ಲಿ 46.5 ಮಿಲಿಮೀಟರ್ ಆಳದ ತನ್ನದೇ ಬಾಯಿಯನ್ನು ಮಾಡಿಕೊಂಡಿತ್ತು. ಪೆಂಟಾಕ್ಸ್ 1975ರಲ್ಲಿ ತಿರುಪನ್ನು ಬಿಟ್ಟಿತಾದರೂ ಆಳವನ್ನು ಬದಲಿಸಲಿಲ್ಲ; ಆದ್ದರಿಂದ ಹಳೆಯ ಲೆನ್ಸುಗಳು ಒಂದು ಬಳೆಯ ನೆರವಿನಿಂದ ಹೊಸ ಕ್ಯಾಮೆರಾದಲ್ಲಿಯೂ ನಡೆದವು. 1987ರಲ್ಲಿ ಕ್ಯಾನನ್ ಸಂಸ್ಥೆ ತಾನಾಗಿ ಫೋಕಸ್ ಮಾಡುವ ಕ್ಯಾಮೆರಾಗಳಿಗಾಗಿ ತನ್ನ 42 ಮಿಲಿಮೀಟರಿನ ಆಳವನ್ನು ಬಿಟ್ಟು 44 ಮಿಲಿಮೀಟರಿನ ಹೊಸ ಬಾಯಿಯನ್ನು ತಂದಿತು. ಹಳೆಯ ಲೆನ್ಸು ಹೊಸ ಪೆಟ್ಟಿಗೆಯೊಳಕ್ಕೆ ಎರಡು ಮಿಲಿಮೀಟರ್ ಇಳಿದು ಕೂರಬೇಕಾಯಿತು. ಅದು ಆಗದ ಮಾತು. ಬಳೆಯಿಂದ ಅಂತರವನ್ನು ಕೂಡಿಸಬಹುದು, ಕಳೆಯಲಾಗದು. ಹಿಂದಿನ ದಿನದವರೆಗೆ ಅಮೂಲ್ಯವಾಗಿದ್ದ ಲೆನ್ಸುಗಳು ಹೀಗೆ ಅನಾಥವಾದವು. ಅವುಗಳ ಗಾಜಿನಲ್ಲಿ ದೋಷ ಹುಟ್ಟಿರಲಿಲ್ಲ. ಅಳತೆ ಅವುಗಳನ್ನು ಬಿಟ್ಟು ಮುಂದೆ ಹೋಗಿತ್ತು.

ಅನಾಥರಿಗೆ ನೆಲೆ ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ. ಡಿಜಿಟಲ್ ಯುಗದಲ್ಲಿ ದೃಶ್ಯವನ್ನು ನೋಡುವವನಿಗೆ ತಲಪಿಸಲು ಕನ್ನಡಿಯ ಅಗತ್ಯ ಉಳಿಯಲಿಲ್ಲ. ಫಿಲ್ಮಿನ ಸ್ಥಾನದಲ್ಲಿರುವ ಸೆನ್ಸಾರ್ ಕಂಡದ್ದನ್ನೇ ಪುಟ್ಟ ಪರದೆಯ ಮೇಲೆ ತೋರಿಸಿದರಾಯಿತು. 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಕನ್ನಡಿಯಿಲ್ಲದ ಜಿ1 ಕ್ಯಾಮೆರಾವನ್ನು ತಂದಿತು. ಅದರ ಆಳ ಇಪ್ಪತ್ತು ಮಿಲಿಮೀಟರಿನೊಳಗೆ. 2010ರಲ್ಲಿ ಸೋನಿ 18 ಮಿಲಿಮೀಟರಿಗೆ ಇಳಿಯಿತು. ಮರುವರ್ಷವೇ ಆ ಬಾಯಿಯ ಮೂಲ ಅಳತೆಗಳನ್ನು ಇತರ ಲೆನ್ಸು ಹಾಗೂ ಅಡಾಪ್ಟರ್ ತಯಾರಕರಿಗೆ ಶುಲ್ಕವಿಲ್ಲದೆ ಒದಗಿಸುವುದಾಗಿ ಸಾರಿತು. 1931ರ ಸೊನ್ನೆ ನನಗೆ ಇಲ್ಲಿ ಮತ್ತೆ ನೆನಪಾಯಿತು. ಕ್ಯಾಮೆರಾ ತೆಳ್ಳಗಾಗಲೆಂದು ಕನ್ನಡಿಯನ್ನು ತೆಗೆದರು. ತೆಗೆದ ಜಾಗದಲ್ಲಿ, ಲೋಕದ ಬಹುಪಾಲು ಹಳೆಯ ಲೆನ್ಸುಗಳಿಗೆಲ್ಲ ಸಾಕಾಗುವಷ್ಟು ಎಡೆ ಹುಟ್ಟಿತು. ನಮ್ಮ ಹೀಲಿಯೋಸ್‌ಗೆ ಬೇಕಾದದ್ದು 45.46. ಸೋನಿಯಲ್ಲಿರುವುದು 18. ಉಳಿದ 27.46 ಮಿಲಿಮೀಟರ್ ಬಯಲನ್ನು ಹಿಡಿದು ನಿಲ್ಲಿಸುವುದೇ ಆ ಬಳೆಯ ಕೆಲಸ. 2018ರಲ್ಲಿ ನಿಕಾನ್, ಕ್ಯಾನನ್‌ಗಳೂ ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆ ಹೊಸ ಬಾಯಿಗಳನ್ನು ತಂದಾಗ, ತಮ್ಮ ಹಳೆಯ ಲೆನ್ಸುಗಳಿಗಾಗಿ ತಾವೇ ಅಡಾಪ್ಟರುಗಳನ್ನು ಮಾಡಿ ಮಾರಿದವು.

ಇದರಲ್ಲಿ ಕಷ್ಟನಷ್ಟಗಳಿಲ್ಲವೆಂದಲ್ಲ. ಮೊದಲ ದಿನ ಹುಡುಗ ಗುಂಡಿ ಒತ್ತಿದರೆ ಕ್ಯಾಮೆರಾ ಜಪ್ಪಯ್ಯ ಎನ್ನಲಿಲ್ಲ. ಲೆನ್ಸು ಜೋಡಿಸಿಲ್ಲ ಎಂಬುದು ಅದರ ದೂರು. ಟೊಳ್ಳು ಬಳೆಯಲ್ಲಿ ಸಂದೇಶ ಹಾಯುವ ದಾರಿಯಿಲ್ಲವಾದ್ದರಿಂದ, ಎದುರಿಗಿರುವ ಹಳೆಯ ಕಣ್ಣನ್ನು ಹೊಸ ಪೆಟ್ಟಿಗೆ ಗುರುತಿಸಲಾರದು. ಲೆನ್ಸಿಲ್ಲದಿದ್ದರೂ ಚಿತ್ರ ತೆಗೆಯಲು ಅನುಮತಿ ಕೊಡಬೇಕೆಂದು ಅದಕ್ಕೆ ಆದೇಶಿಸಬೇಕಾಯಿತು. ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು. ಬೆಳಕಿನ ಕಿಂಡಿಯನ್ನು ಕೈಯಿಂದಲೇ ಹಿರಿದು ಕಿರಿದು ಮಾಡಬೇಕು. ಪರದೆಯ ಮೇಲೆ ದೃಶ್ಯವನ್ನು ಹಿಗ್ಗಿಸಿ ನೋಡುವ, ಸ್ಫುಟವಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಅನುಕೂಲವಿರುವುದರಿಂದ ನನ್ನಂಥ ಮಂದದೃಷ್ಟಿಯವನಿಗೂ ಇದು ಸಾಧ್ಯ. ಬಳೆ ಅಳತೆಗಿಂತ ಎಳ್ಳಷ್ಟು ದಪ್ಪವಾದರೂ ದೂರದ ಬೆಟ್ಟ ಮಸುಕು. ತಿರುಪು ಹೊಂದಿತೆಂದು ಮೋಸಹೋಗಲೂಬಾರದು. ಮೊದಮೊದಲ ಝೆನಿತ್‌ಗಳಿಗೆ ಲೈಕಾದ 39 ಮಿಲಿಮೀಟರಿನ ತಿರುಪೇ ಇತ್ತು, ಆದರೆ ಕನ್ನಡಿಯ ಕಾರಣ ಆಳ 45.2. ಅದರ ಲೆನ್ಸು ಲೈಕಾದ ಬಾಯಿಗೆ ಅಂದವಾಗಿ ಕೂರುತ್ತದೆ; ಫಿಲ್ಮಿನಲ್ಲಿ ಮಾತ್ರ ಸ್ಫುಟವಾದ ಬಿಂಬ ಮೂಡದು.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದ ನನಗೆ ಆ ಬಳೆಯನ್ನು ನೋಡಿದಾಗ ನನ್ನ ವೃತ್ತಿಯೇ ನೆನಪಾದದ್ದು ಸಹಜ. ಹಿಂದಿನ ಕವಿಗೂ ಇಂದಿನ ಹುಡುಗನಿಗೂ ನಡುವೆ ಮೇಷ್ಟರು ನಿಲ್ಲುತ್ತಾರೆ. ಅಂತರವನ್ನು ಸರಿಯಾಗಿ ಕಾಯ್ದರೆ ಅವರ ಕೆಲಸ ಮುಗಿಯಿತು. ಕಾವ್ಯ ಮಂಕಾಗಿದೆಯೆಂದು ಭ್ರಮಿಸಿ ನಡುವೆ ನನ್ನದೊಂದು ಗಾಜನ್ನು ತೂರಿಸಿದ ತರಗತಿಗಳೂ ಇದ್ದವು. ಅಂದು ಹುಡುಗರು ಕಂಡದ್ದು ಕವಿಯನ್ನಲ್ಲ, ನನ್ನನ್ನು. ಅದನ್ನು ಈಗ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಕಳೆದ ಯುಗಾದಿಯಂದು ನಾನೇ ಆ ಲೆನ್ಸಿನಿಂದ ಅತ್ತಿಗೆಯ ಚಿತ್ರ ತೆಗೆದೆ. ಜಗಲಿಯ ಕಂಬದ ಪಕ್ಕದಲ್ಲಿ ಕುಳ್ಳಿರಿಸಿ, ನಡುಗುವ ಕೈಯಿಂದ ಫೋಕಸ್ ತಿರುಗಿಸುತ್ತಿದ್ದಷ್ಟು ಹೊತ್ತೂ ಅವರು ಅಲುಗದೆ ಕುಳಿತಿದ್ದರು. ಬೇಸರವಾಯಿತೇ ಎಂದು ಕೇಳಿದೆ. “ಅವರೂ ಇಷ್ಟೇ ಹೊತ್ತು ಮಾಡುತ್ತಿದ್ದರು” ಎಂದರು. ಡಿಜಿಟಲ್ ಚಿತ್ರದೊಡನೆ ದಿನಾಂಕ, ವೇಳೆ ಮುಂತಾದ ವಿವರಗಳನ್ನು ಕ್ಯಾಮೆರಾ ತಾನಾಗಿ ಬರೆದಿಡುತ್ತದೆಯಷ್ಟೆ. ಲೆನ್ಸಿನ ಹೆಸರಿನ ಜಾಗ ಮಾತ್ರ ಖಾಲಿ ಉಳಿದಿತ್ತು. ಚಿತ್ರವನ್ನು ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆನ್ಸಿನ ಹೆಸರನ್ನೂ ಅಣ್ಣನ ಹೆಸರನ್ನೂ ಬರೆದಿಟ್ಟಿದ್ದೇನೆ.

ಗುಜರಿಗೆ ಹೋದ ಉದ್ದನೆಯ ಲೆನ್ಸು ಮರಳಿ ಬರುವಂತಿಲ್ಲ. ಕೇಳುಗರ ಮನೆಯ ಅಟ್ಟದ ಮೇಲೆ ಇಂಥದೊಂದು ಪೆಟ್ಟಿಗೆ ಇದ್ದರೆ, ತೂಕಕ್ಕೆ ಹಾಕುವ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಮಳೆಸೀಮೆಯಲ್ಲಿ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು ಹಬ್ಬಿರುವುದುಂಟು. ಎಳೆಯದಾದರೆ ತಿಳಿದವರು ತೆಗೆಯಬಲ್ಲರು. ಗಾಜು ತಿಳಿಯಾಗಿದ್ದರೆ ಅದರ ಬಾಯಿ ಯಾವುದು, ಆಳವೆಷ್ಟು ಎಂದು ಬಲ್ಲ ಹುಡುಗರನ್ನು ಕೇಳಿ. ಮಿಕ್ಕದ್ದನ್ನು ಒಂದು ಟೊಳ್ಳು ಬಳೆ ನೋಡಿಕೊಳ್ಳುತ್ತದೆ.