ಪಾರ್ಕರ್, ಟಾಮ್ (ಕರ್ನಲ್)
1909-1997. ಅಮೆರಿಕದ ಸಂಗೀತ ವ್ಯವಸ್ಥಾಪಕ. ಗಾಯಕ ಎಲ್ವಿಸ್ ಪ್ರೀಸ್ಲಿಯ ವ್ಯವಹಾರಗಳನ್ನು ಎರಡು ದಶಕಗಳಿಗೂ ಮಿಕ್ಕಿ ನಿರ್ವಹಿಸಿದವ. ಜನನ 1909ರ ಜೂನ್ 26ರಂದು, ನೆದರ್‌ಲೆಂಡ್ಸಿನ ಬ್ರೆಡಾದಲ್ಲಿ. ನಿಜನಾಮ ಆಂಡ್ರಿಯಾಸ್ ಕಾರ್ನೆಲಿಸ್ ವಾನ್ ಕೌಕ್. ಹರೆಯದಲ್ಲೇ ಅಧಿಕೃತ ದಾಖಲೆಗಳಿಲ್ಲದೆ ಅಮೆರಿಕ ಸೇರಿ ಹೆಸರು ಬದಲಿಸಿಕೊಂಡ. ಕೆಲಕಾಲ ಸೇನೆಯಲ್ಲಿದ್ದು, ಅನಂತರ ಸಂಚಾರಿ ಜಾತ್ರೆ ಪ್ರದರ್ಶನಗಳಲ್ಲಿ ದುಡಿದ. ಪ್ರಚಾರತಂತ್ರ ಅಲ್ಲಿಯೇ ಕರಗತವಾಯಿತು. ‘ಕರ್ನಲ್’ ಎಂಬುದು 1948ರಲ್ಲಿ ಲೂಯಿಸಿಯಾನದ ಗವರ್ನರ್ ಜಿಮ್ಮಿ ಡೇವಿಸ್ ನೀಡಿದ ಗೌರವ ಬಿರುದು, ಸೇನಾ ಹುದ್ದೆಯಲ್ಲ.

ಗಾಯಕರಾದ ಎಡ್ಡಿ ಆರ್ನಾಲ್ಡ್, ಹ್ಯಾಂಕ್ ಸ್ನೋ ಅವರ ವ್ಯವಹಾರ ನೋಡಿಕೊಂಡಿದ್ದ ಈತ 1955ರಲ್ಲಿ ಪ್ರೀಸ್ಲಿಯ ಧ್ವನಿಮುದ್ರಣ ಒಪ್ಪಂದವನ್ನು ಸನ್ ಸಂಸ್ಥೆಯಿಂದ ಆರ್‌ಸಿಎಗೆ 35,000 ಡಾಲರಿಗೆ ವರ್ಗಾಯಿಸಿದ. ದೂರದರ್ಶನ, ಹಾಲಿವುಡ್ ಚಿತ್ರಗಳು, ಗಾಯಕನ ಹೆಸರು ಹೊತ್ತ ಸರಕುಗಳ ಮಾರಾಟ ಇವನ್ನು ಒಂದೇ ಯೋಜನೆಯಡಿ ತಂದುದು ಈತನ ನಿಜವಾದ ಸಾಧನೆ.

ಪ್ರೀಸ್ಲಿಯ ಗಳಿಕೆಯಲ್ಲಿ ಈತನ ಪಾಲು ಮೊದಲು ಶೇ. 25; ಮುಂದೆ ಶೇ. 50ಕ್ಕೇರಿತು. 1973ರಲ್ಲಿ ಹಳೆಯ ಧ್ವನಿಮುದ್ರಣಗಳ ರಾಯಧನದ ಹಕ್ಕನ್ನು 54 ಲಕ್ಷ ಡಾಲರಿಗೆ ಮಾರಿಸಿದ್ದು ಗಾಯಕನಿಗೆ ಭಾರಿ ನಷ್ಟ ತಂದಿತು. ಕೆನಡಾ ಬಿಟ್ಟರೆ ಪ್ರೀಸ್ಲಿ ವಿದೇಶಗಳಲ್ಲಿ ಕಛೇರಿ ನಡೆಸಲೇ ಇಲ್ಲ. ಪಾರ್ಕರನ ಪೌರತ್ವದ ಗುಟ್ಟೇ ಇದಕ್ಕೆ ಕಾರಣವೆಂದು ಹಲವರ ಊಹೆ. ಪ್ರೀಸ್ಲಿ 1977ರಲ್ಲಿ ತೀರಿಕೊಂಡ ಮೇಲೆ ನ್ಯಾಯಾಲಯ ನಡೆಸಿದ ವಿಚಾರಣೆ ಪಾರ್ಕರನ ವ್ಯವಹಾರಗಳನ್ನು ಕಟುವಾಗಿ ಖಂಡಿಸಿತು. ವ್ಯಾಜ್ಯ 1983ರಲ್ಲಿ ರಾಜಿಯಲ್ಲಿ ಮುಗಿಯಿತು. 1997ರ ಜನವರಿ 21ರಂದು ಲಾಸ್ ವೇಗಾಸ್‌ನಲ್ಲಿ ನಿಧನನಾದ.